ಗಂಗಾಲಕ್ಷ್ಮಿ ಚಪ್ಪಡಿ ಇಳಿಸಿದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟು ಹೋದರು. ಎರಡನ್ನೂ ಬಿಚ್ಚಿ ನೋಡು ಎಂದು ಯಾರೂ ಹೇಳಲಿಲ್ಲ. ಅದನ್ನು ಗಂಗಾಲಕ್ಷ್ಮಿ ತಾನಾಗಿಯೇ ನೋಡಬೇಕಾಯಿತು. ಮೊದಲು ಮದುವೆ, ಆಮೇಲೆ ಮನೆ.

ಶ್ರೀನಿವಾಸಪುರದ ಅಂಚಿನಲ್ಲಿ, ಮಾವಿನ ತೋಪುಗಳು ಮುಗಿದು ಸೈಟುಗಳು ಶುರುವಾಗುವ ಕಡೆ ಅವಳ ಮನೆ. ಗಂಗಾಲಕ್ಷ್ಮಿ ಮನೆ ಎಲ್ಲಿ ಎಂದರೆ ಯಾರಿಗೂ ತಿಳಿಯುವುದಿಲ್ಲ. ಚಾಕಿ ಗಂಗಮ್ಮನ ಮನೆ ಎಂದರೆ ಹಾಲಿನವನೂ ತೋರಿಸುತ್ತಾನೆ. ಚಾಕಿ ಎಂದರೆ ರೇಷ್ಮೆ ಹುಳುವಿನ ಎಳೆತನ. ಮೊಟ್ಟೆಯೊಡೆದು ಬಂದ ಇರುವೆಯಷ್ಟು ಹುಳುವಿಗೆ ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಎರಡನೇ ಜ್ವರ ಎದ್ದ ಮೇಲೆ ರೈತರಿಗೆ ಕೊಡುವುದು ಅವಳ ಕಸುಬು. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಬಾಣಂತಿ ಮನೆಯ ಮಗುವಿಗೂ ಅಷ್ಟು ನಾಜೂಕು ಬೇಕಾಗಿಲ್ಲ. ಚಳಿ ಆಗಬಾರದು, ಸೆಕೆ ಆಗಬಾರದು, ಮೇಲೆ ಒಂದು ಹನಿ ನೀರು ಬೀಳಬಾರದು.

ಬಿದ್ದದ್ದು ಆ ಹನಿಯೇ.

ಮನೆಗೆ ಇದ್ದದ್ದು ಕಲ್ಲು ಚಪ್ಪಡಿಯ ಚಾವಣಿ. ಕೋಲಾರದ ಸೀಮೆಯಲ್ಲಿ ನೀರಿಗೆ ಬರ ಬಂದರೂ ಕಲ್ಲಿಗೆ ಬರವಿಲ್ಲ. ಗೋಡೆಯಿಂದ ಗೋಡೆಗೆ ಉದ್ದನೆಯ ಚಪ್ಪಡಿ ಹೊದಿಸಿ, ಸಂದಿಗೆ ಗಾರೆ ತುಂಬಿದರೆ ಮನೆ ಆಯಿತು. ಗಂಗಾಲಕ್ಷ್ಮಿಯೂ ಅವಳ ಗಂಡ ಗಂಗಾಧರನೂ ಬ್ಯಾಂಕಿನಲ್ಲಿ ಸಾಲ ಮಾಡಿ ಹಾಗೆಯೇ ಕಟ್ಟಿಸಿದ್ದರು. ಪತ್ರ ಇಬ್ಬರ ಹೆಸರಿನಲ್ಲಿ. ಮೂರನೇ ಮಳೆಗಾಲಕ್ಕೇ ಚಾಕಿ ಕೋಣೆ ಸೋರಿತು. ಗಂಗಾಧರ್ ಮೇಲೆ ಒಂದು ಪದರ ಸಿಮೆಂಟು ಬಳಿಸಿದ. ಮುಂದಿನ ವರ್ಷ ಪಕ್ಕದಲ್ಲಿ ಸೋರಿತು, ಇನ್ನೊಂದು ಪದರ ಬಿತ್ತು. ಒಂದೇ ಮನೆಯಲ್ಲಿ ಇಬ್ಬಿಬ್ಬರು ಗಂಗೆಯರಿದ್ದರೆ ಸೋರದೆ ಇನ್ನೇನಾಗುತ್ತೆ ಎಂದು ಬೀದಿಯವರು ನಗುತ್ತಿದ್ದರು.

ಸಂಸಾರವೂ ಅದೇ ಜಾಡಿನಲ್ಲಿ ನಡೆಯಿತು. ಅವನು ಮಾಲೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ವಾರಕ್ಕೊಮ್ಮೆ ಬರುತ್ತಿದ್ದ, ಬಂದಾಗಲೆಲ್ಲ ಒಂದು ಜಗಳ. ಲಕ್ಕೂರಿನ ತವರಿನಿಂದ ತಾಯಿ ಶಾಮಲಮ್ಮ ಬಸ್ಸು ಹತ್ತಿ ಬಂದು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿ, ರಾಜಿ ಮಾಡಿಸಿ ಹೋಗುತ್ತಿದ್ದಳು. ಇವರು ಉಂಡು ಮಲಗಿದರೂ ಜಗಳ ಮಾತ್ರ ಮಲಗುತ್ತಿರಲಿಲ್ಲ. ಮಕ್ಕಳಾಗಲಿಲ್ಲ ಎಂಬುದೂ ಸೇರಿಕೊಂಡಿತು. ಕೊನೆಗೆ ಒಂದು ಭಾನುವಾರ ಗಂಗಾಧರ್ ಬೀಡಿ ಸೇದಿದ ಕೈಯಲ್ಲೇ ಹುಳುವಿಗೆ ಸೊಪ್ಪು ಹಾಕಿದ. ಹೊಗೆಸೊಪ್ಪಿನ ವಿಷ ರೇಷ್ಮೆ ಹುಳುವಿಗೆ ಆಗಿಬರುವುದಿಲ್ಲ ಎಂದು ಅವಳು ನೂರು ಸಲ ಹೇಳಿದ್ದಳು. ಮಾರನೇ ದಿನ ಒಂದಿಡೀ ಸಾಲಿನ ಟ್ರೇಗಳಲ್ಲಿ ಹುಳು ತಲೆಯೆತ್ತಿ, ಹಸಿರು ಕಕ್ಕಿ, ಸತ್ತು ಬಿದ್ದಿತ್ತು. ಅಂದಿನಿಂದ ಆ ಕೋಣೆಯೊಳಗೆ ಅವನು ಕಾಲಿಡಕೂಡದು ಎಂದಳು. "ನನ್ನ ಮನೇಲಿ ನಂಗೇ ಬಾಗಿಲು ಹಾಕ್ತೀಯಾ?" ಎಂದು ಹೋದವನು ಕೋಲಾರದ ಕೋರ್ಟಿನಲ್ಲೇ ಮತ್ತೆ ಮುಖ ತೋರಿಸಿದ್ದು.

ಇಬ್ಬರೂ ಒಪ್ಪಿಯೇ ಬಿಡುಗಡೆ ಪಡೆದರು. ಮನೆ ಅವಳಿಗೆ, ಮನೆಯ ಮೇಲೆ ಉಳಿದ ಸಾಲವೂ ಅವಳಿಗೆ. ಅವನು ಬಟ್ಟೆ, ಬೈಕು, ಟಿವಿ ತೆಗೆದುಕೊಂಡು ಹೋದ. ಮದುವೆಯಲ್ಲಿ ಸೋದರಮಾವ ಕೊಟ್ಟ ಸ್ಟೀಲ್ ಬಕೆಟ್ಟು, ಇಬ್ಬರ ಹೆಸರೂ ಕೊರೆದದ್ದು, ಚಾಕಿ ಕೋಣೆಯ ಮೂಲೆಯಲ್ಲಿ ಸೋರುವ ನೀರು ಹಿಡಿಯುತ್ತಾ ಕೂತಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಬಂದ ಹಿಂಗಾರು ಮಳೆಯಲ್ಲಿ ಬಕೆಟ್ಟು ಸಾಲದೆ ಹೋಯಿತು. ಕೋಣೆಯಲ್ಲೆಲ್ಲ ತೇವ ಏರಿ, ಎರಡು ಟ್ರೇ ಹುಳುವಿಗೆ ಸುಣ್ಣಕಟ್ಟು ರೋಗ ಹಿಡಿದು, ಸೀಮೆಸುಣ್ಣದ ಚೂರಿನಂತೆ ಬಿಳಿಚಿಕೊಂಡವು. ಗಂಗಾಲಕ್ಷ್ಮಿ ಅವನ್ನು ಹೊರಗೆ ಒಯ್ದು ಸುಟ್ಟು, ಕೈ ತೊಳೆದು, ಕದಿರೇಶ ಮೇಸ್ತ್ರಿಗೆ ಫೋನು ಮಾಡಿದಳು.

ಕದಿರೇಶ ಏಣಿ ಹತ್ತಿ, ಸುತ್ತಿಗೆಯಲ್ಲಿ ಅಲ್ಲಲ್ಲಿ ಕುಟ್ಟಿ ನೋಡಿ, ಇಳಿದು ಬಂದ. "ಇದ್ರ ಮೇಲೆ ಇನ್ನೊಂದು ಬಾಂಡ್ಲಿ ಸಿಮೆಂಟೂ ನಾನು ಹಾಕಲ್ಲಕ್ಕ. ಹಾಕಿರೋ ಸಿಮೆಂಟೇ ಕಲ್ಲನ್ನ ಕೊಲ್ತಿರೋದು. ಪದರದ ಮೇಲೆ ಪದರ ಹೊತ್ತು ಹೊತ್ತು ನಡು ಚಪ್ಪಡಿ ಸೀಳು ಬಿಟ್ಟೈತೆ."

"ಹಂಗಾದ್ರೆ ಏನ್ ಮಾಡೋದು, ಕದಿರೇಶಣ್ಣ?"

"ಕೆಳಗೊಂದು ಕಬ್ಬಿಣದ ಕಂಬ ಆನಿಸಿದ್ರೆ ಒಂದೆರಡು ವರ್ಷ ತಳ್ಳಬೋದು."

"ತಳ್ಳಿದ್ದು ಸಾಕು. ಎಲ್ಲಾ ಇಳ್ಸಿ, ಕಂಬಿ ಕಟ್ಟಿ ಹೊಸದಾಗಿ ಮೋಲ್ಡ್ ಹಾಕ್ಸಿದ್ರೆ?"

ಮೇಸ್ತ್ರಿ ಅವಳ ಮುಖ ನೋಡಿದ. "ದುಡ್ಡು ಐತಾ?"

"ಇಲ್ಲ. ಅದು ನನ್ನ ತಲೆನೋವು. ಎಷ್ಟಾಗುತ್ತೆ ಹೇಳು."

ಅವನು ಹೇಳಿದ ಮೊತ್ತವನ್ನು ಅವಳು ಎರಡು ಸಲ ಹೇಳಿಸಿಕೊಂಡಳು. ಆದರೂ ಮಾರನೆಯ ಬೆಳಿಗ್ಗೆ ಟ್ರೇಗಳಿಗೆ ಸೊಪ್ಪು ಹಾಕಿ, ಸ್ನಾನ ಮಾಡಿ, ಬ್ಯಾಂಕಿನ ಮೆಟ್ಟಿಲು ಹತ್ತಿದಳು.

ಮ್ಯಾನೇಜರ್ ಮುರಳಿಮೋಹನ್ ಕೋಲಾರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಮನುಷ್ಯ. ಕೆಟ್ಟವನಲ್ಲ, ನಿಯಮದವನು. ಅವಳ ಹೆಸರಿನಲ್ಲಿ ಹೊಸ ಸಾಲ ಮಾಡಿ, ಹಳೆಯದನ್ನು ಅದರಲ್ಲೇ ತೀರಿಸಿ, ಮಿಕ್ಕಿದ್ದನ್ನು ಚಾವಣಿಗೆ ಕೊಡಬಹುದು ಎಂದ. "ಆದ್ರೆ ಯೋಚನೆ ಮಾಡಿ ಮೇಡಂ. ಇನ್ನು ಮೂರು ವರ್ಷಕ್ಕೆ ನಿಮ್ಮ ಪತ್ರ ನಿಮ್ಮ ಕೈಗೆ ಬರ್ತಿತ್ತು. ಈಗ ಮತ್ತೆ ಹನ್ನೆರಡು ವರ್ಷ ಇಲ್ಲೇ ಇರುತ್ತೆ. ಕಂತು ತಪ್ಪಿದ್ರೆ ಮನೆ ಹೋಗುತ್ತೆ."

"ಚಾವಣಿ ಬಿದ್ರೂ ಮನೆ ಹೋಗುತ್ತೆ ಸಾರ್."

ಅವನು ಒಂದು ಹಾಳೆ ಎಳೆದುಕೊಂಡು ಮೂರು ವಿಷಯ ಹೇಳಿದ. ಮಾಜಿ ಗಂಡ ಹಕ್ಕು ಬಿಟ್ಟುಕೊಟ್ಟು ರಿಜಿಸ್ಟರ್ ಮಾಡಿಕೊಡಬೇಕು. ತಾನು ಒಮ್ಮೆ ಬಂದು ಮನೆಯನ್ನೂ ಕಸುಬನ್ನೂ ಕಣ್ಣಾರೆ ನೋಡಬೇಕು. ಆಸ್ತಿ ಇರುವವರು ಯಾರಾದರೂ ಜಾಮೀನು ನಿಲ್ಲಬೇಕು.

ಕಷ್ಟವೆಂದುಕೊಂಡದ್ದು ಮೊದಲನೆಯದು, ಅದೇ ಸುಲಭವಾಗಿ ಮುಗಿಯಿತು. ಗಂಗಾಧರ್ ಹೇಳಿದ ದಿನಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು, ಹೆಬ್ಬೆಟ್ಟು ಒತ್ತಿ, ಫೋಟೊಗೆ ಮುಖ ಕೊಟ್ಟ. ಕೂದಲು ತೆಳ್ಳಗಾಗಿತ್ತು. ಹೊರಗೆ ಬಂದು ನೆರಳಲ್ಲಿ ನಿಂತಾಗ ಕೇಳಿದ, "ಅಷ್ಟು ದೊಡ್ಡ ಸಾಲ, ಒಬ್ಳೇ ತೀರಿಸ್ತೀಯಾ?"

"ನೀವು ಹಾಕ್ಸಿದ ಸಿಮೆಂಟೆಲ್ಲಾ ಹೊತ್ಕೊಂಡು ಇಷ್ಟು ವರ್ಷ ನಿಂತಿತ್ತಲ್ಲ ಆ ಮನೆ? ನಾನೂ ನಿಲ್ತೀನಿ," ಎಂದಳು.

ಅವನಿಗೆ ನಗು ಬಂತೋ ಏನೋ, ಮುಖ ತಿರುಗಿಸಿ ಬಸ್ ಸ್ಟಾಂಡಿನ ಕಡೆ ನಡೆದ. ಅವಳಿಗೆ ಒಂದು ಗಳಿಗೆ ಕರೆದು ಕಾಫಿ ಕುಡಿಸೋಣ ಅನ್ನಿಸಿತು. ಬಾಳಿದ ಮನುಷ್ಯ ತಾನೇ, ಅನ್ನಿಸದಿದ್ದರೆ ಹೇಗೆ? ಅದನ್ನು ಅಲ್ಲೇ ಬಿಟ್ಟು, ಸೊಪ್ಪಿನ ಹೊತ್ತಾಯಿತೆಂದು ಮನೆಗೆ ಬಂದಳು.

ಸುಲಭವೆಂದುಕೊಂಡದ್ದು ಜಾಮೀನು. ತಮ್ಮ ಶಿವಕುಮಾರ್ ಇದ್ದ, ಲಕ್ಕೂರಿನಲ್ಲಿ ತೋಟ ಇತ್ತು. ಸುದ್ದಿ ಕೇಳಿ ಶಾಮಲಮ್ಮನನ್ನೂ ಕರೆದುಕೊಂಡು ಬಂದ. ಅಕ್ಕ ಬಡಿಸಿದ ಮುದ್ದೆ ಉಪ್ಸಾರು ಉಂಡು, ಕೈ ತೊಳೆದು, ಮಾತು ತೆಗೆದ.

"ಹಾಸಿಗೆ ಇದ್ದಷ್ಟು ಕಾಲು ಚಾಚಕ್ಕ. ಇದನ್ನ ಮಾರಿ ಊರಿಗೆ ಬಂದ್ಬಿಡು. ಒಂದು ರೂಮ್ ಕೊಡ್ತೀವಿ, ಬೇಡ ಅಂತೀವಾ?"

"ರೂಮ್ ಬೇಡ ಕಣೋ, ಜಾಮೀನು ಹಾಕು ಸಾಕು."

"ಹಾಕ್ತೀನಿ. ಆದ್ರೆ ಮನೆ ಪತ್ರದಲ್ಲಿ ನನ್ನ ಹೆಸರೂ ಸೇರಿಸ್ಬೇಕು. ತಪ್ಪು ತಿಳ್ಕೋಬೇಡ. ನಿಂಗೂ ಮಕ್ಕಳಿಲ್ಲ. ನಾಳೆ ಇದು ನನ್ನ ಮಕ್ಕಳಿಗೇ ತಾನೇ?"

ಇಷ್ಟು ಸಾಚಾ ಮುಖದಲ್ಲಿ ಇಂಥ ಮಾತಾಡುವ ಕಲೆ ತಮ್ಮಂದಿರಿಗೇ ಒಲಿದದ್ದು. ಗಂಗಾಲಕ್ಷ್ಮಿ ತಟ್ಟೆ ಎತ್ತುತ್ತಾ ಹೇಳಿದಳು, "ಒಬ್ಬರ ಹೆಸರು ತೆಗ್ಸೋಕೆ ಕೋಲಾರಕ್ಕೆ ಎಷ್ಟು ಸಲ ಅಲೆದೆ ಅಂತ ನಿಂಗೊತ್ತಾ ಶಿವಾ? ಇನ್ನೊಂದು ಹೆಸರು ಸೇರಿಸಲ್ಲ."

ಅವನು ಮುನಿಸಿಕೊಂಡು ಸಂಜೆಯ ಬಸ್ಸಿಗೆ ಹೊರಟ. ಶಾಮಲಮ್ಮ ಉಳಿದಳು. ಮಗಳ ತಲೆಗೆ ಬುದ್ಧಿ ತುಂಬಿಯೇ ಹೋಗುವುದೆಂದು ನಿಶ್ಚಯಿಸಿದ್ದಳು. ಮೂರು ಹೊತ್ತೂ ಅದೇ ರಾಗ. ಮಾರಿಬಿಡೇ, ಬಂದ್ಬಿಡೇ, ಹಟ ಹೆಣ್ಣಿಗೆ ಒಳ್ಳೇದಲ್ಲ ಕಣೇ. ಗಂಗಾಲಕ್ಷ್ಮಿ ಸೊಪ್ಪು ಹೆಚ್ಚುತ್ತಾ ಕೇಳಿಸಿಕೊಂಡಳು. ಕತ್ತಿಯ ಸದ್ದು ಮಾತ್ರ ಸ್ವಲ್ಪ ಜೋರಾಗುತ್ತಿತ್ತು.

ಮ್ಯಾನೇಜರ್ ಬಂದದ್ದು ಹುಳು ಹಂಚುವ ದಿನ. ಅಂಗಳದಲ್ಲಿ ಸುತ್ತಲ ಹಳ್ಳಿಗಳ ರೈತರು ಬೆಳಗಿನ ತಂಪಿನಲ್ಲೇ ಹುಳು ಒಯ್ಯಲು ಕಾದಿದ್ದರು. ಎಲ್ಲರಿಗಿಂತ ಮುಂದೆ, ದೊಡ್ಡಮುನಿಯಪ್ಪ ಎಂಬ ಮುದುಕ. ಗಂಗಮ್ಮನ ಕೈಗುಣ ಎಂದು ಹೆಸರು ಹೇಳಿಯೇ ಹುಳು ಒಯ್ಯುವವನು. ಅವಳ ವಿಚ್ಛೇದನ ಆದ ವರ್ಷ, ಗಂಡನನ್ನು ಬಿಟ್ಟವಳ ಕೈ ಹುಳುವಿಗೆ ಆಗುತ್ತಾ ಎಂದು ಕೆಲವರು ಬೇರೆ ಕಡೆ ಹೋದಾಗಲೂ ಅವನು ಬಿಟ್ಟಿರಲಿಲ್ಲ. ಹೋದವರೂ ಗೂಡಿನ ತೂಕ ನೋಡಿ ಮುಂದಿನ ವರ್ಷ ತಾವೇ ವಾಪಸ್ ಬಂದರು.

ಶಾಮಲಮ್ಮ ಒಗೆದ ಸೀರೆ ಉಟ್ಟು, ಸಾಹೇಬರಿಗೆಂದು ಪಕ್ಕದ ಮನೆಯಿಂದ ಗಾಜಿನ ಲೋಟ ತಂದಿಟ್ಟು ಕಾಫಿ ಕಾಯಿಸುತ್ತಿದ್ದಳು. ಮುರಳಿಮೋಹನ್ ಗೇಟಿನ ಹೊರಗೆ ನಿಂತು ಕೈಯಲ್ಲಿದ್ದ ಸಿಗರೇಟು ಪೂರ್ತಿ ಸೇದಿ, ತುಂಡು ತುಳಿದು, ಒಳಗೆ ಬಂದ. ಗೋಡೆ ನೋಡಿದ, ಬಚ್ಚಲು ನೋಡಿದ, ಏಣಿಯಿಂದಲೇ ಚಾವಣಿ ನೋಡಿದ. ರೈತರು ಹುಳುವಿನ ದುಡ್ಡು ಖಾತೆಗೇ ಹಾಕುತ್ತಾರೆಂದು ಪಾಸ್‌ಬುಕ್ಕಿನಲ್ಲಿ ಕಂಡಿದ್ದ, ಈಗ ರೈತರನ್ನೂ ಕಂಡ. ಆಮೇಲೆ ಚಾಕಿ ಕೋಣೆಯ ಬಾಗಿಲಿಗೆ ನಡೆದ.

ಗಂಗಾಲಕ್ಷ್ಮಿ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಬೇಡ ಸಾರ್."

"ಚಪ್ಪಲಿ ಬಿಡ್ತೀನಮ್ಮ."

"ಚಪ್ಪಲಿ ಅಲ್ಲ. ನೀವು ಈಗ ಸಿಗರೇಟು ಸೇದಿದ್ರಿ. ಆ ಕೈ, ಆ ಉಸಿರು ಹುಳುಗೆ ಆಗಲ್ಲ. ಇವತ್ತು ಇಷ್ಟು ಜನ ಒಯ್ಯೋ ಹುಳು ಇದು."

ಅಂಗಳದ ರೈತರೆಲ್ಲ ಇತ್ತ ತಿರುಗಿದರು. ಮುರಳಿಮೋಹನನ ಮುಖ ಕೆಂಪಾಯಿತು. "ನಾನು ನೋಡ್ದೆ ವರದಿ ಬರೆಯೋಕಾಗಲ್ಲ, ಗೊತ್ತಲ್ಲ ನಿಮ್ಗೆ? ನಂಗೆ ಬೇರೆ ಕೆಲಸ ಇಲ್ವಾ? ಎರಡು ನಿಮಿಷದ ಮಾತು."

ಶಾಮಲಮ್ಮ ಕಾಫಿ ಲೋಟ ಹಿಡಿದು ಓಡಿ ಬಂದಳು. "ಬಿಡೇ ಗಂಗಾ, ದೊಡ್ಡೋರು, ಒಂದ್ಸಲ ನೋಡ್ಲಿ." ದೊಡ್ಡಮುನಿಯಪ್ಪನಿಗೂ ಹೆದರಿಕೆಯಾಗಿ ತೆಲುಗು ಬಾಯಿಗೆ ಬಂತು. "ಪೋನೀಲೇಮ್ಮಾ, ಬಿಡು, ಸಾಲ ಕೊಡೋ ಮನುಷ್ಯ!"

ಗಂಗಾಲಕ್ಷ್ಮಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಚಾವಣಿ, ಸಾಲ, ಇಷ್ಟು ದಿನದ ಅಲೆದಾಟ, ಎಲ್ಲ ಆ ಹೊಸ್ತಿಲ ಮೇಲೆ ಬಂದು ನಿಂತಿದ್ದವು. ಪಕ್ಕಕ್ಕೆ ಸರಿಯಲು ಎಷ್ಟು ಹೊತ್ತು? ಆದರೆ ಅವಳಿಗೆ ಸರಿಯಲಾಗಲಿಲ್ಲ.

"ಈ ಬಾಗಿಲಲ್ಲಿ ಕಟ್ಟಿಕೊಂಡ ಗಂಡನ್ನೇ ನಿಲ್ಸಿದೀನಿ ಸಾರ್," ಎಂದಳು. ದನಿ ಏರಲಿಲ್ಲ. "ಅದಕ್ಕೇ ಸಂಸಾರ ಹೋಯ್ತು. ಈಗ ಸಾಲಕ್ಕೋಸ್ಕರ ನಿಮ್ಮನ್ನ ಬಿಟ್ರೆ, ಅವತ್ತು ನಾನು ಮಾಡಿದ್ದಕ್ಕೆ ಅರ್ಥ ಏನು? ನಾಳೆ ಬೆಳಿಗ್ಗೆ ಸ್ನಾನ ಮಾಡಿ, ಸೇದ್ದೆ ಬನ್ನಿ. ಖಾಲಿ ಟ್ರೇ ಇರುತ್ತೆ, ಮಿಕ್ಕಿದ ಹುಳೂ ಇರುತ್ತೆ, ಎಲ್ಲಾ ನಾನೇ ತೋರಿಸ್ತೀನಿ."

ಮುರಳಿಮೋಹನ್ ಕಾಫಿಯನ್ನೂ ಮುಟ್ಟದೆ ಹೊರಟುಹೋದ.

ಅವಳು ಅವನ ಬೆನ್ನು ಕಣ್ಮರೆಯಾಗುವವರೆಗೂ ನೋಡಿ, ಸೋಂಕು ಒಳಗೆ ಬಾರದಿರಲೆಂದು ಹೊಸ್ತಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದು, ಕೈ ತೊಳೆದು, ಒಳಗೆ ಹೋಗಿ ಹುಳು ಹಂಚಲು ಕೂತಳು. ಎಲ್ಲರೂ ಹೋದ ಮೇಲೆ ಅಂಗಳದ ಕಲ್ಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕೆಟ್ಟೆ, ಕೈಯಾರೆ ಕೆಡಿಸಿಕೊಂಡೆ ಎಂದೇ ಅವಳಿಗೆ ಅನ್ನಿಸಿತ್ತು.

ಶಾಮಲಮ್ಮ ಪಕ್ಕದಲ್ಲಿ ಬಂದು ಕೂತಳು. ಬೈಯುತ್ತಾಳೆಂದು ಮಗಳು ಕಾದಳು.

"ಬ್ಯಾಂಕಿನೋನು ವಾಪಸ್ ಬಂದ್ರೆ ನಂದು ಜಾಮೀನು ಬರ್ಕೊಳ್ಳೇ," ಎಂದಳು ಶಾಮಲಮ್ಮ.

"ನಿಂದೇನಿದೆ ಅಮ್ಮ?"

"ಯಾಕೆ, ನನ್ನ ಅರಿಶಿನ ಕುಂಕುಮದ ಹೊಲ ಇಲ್ವಾ?"

ಮಗಳನ್ನು ಧಾರೆ ಎರೆದು ಕೊಡುವಾಗ ಅರಿಶಿನ ಕುಂಕುಮಕ್ಕೆಂದು ತಂದೆ ಬರೆದುಕೊಡುವ ಭೂಮಿ ಅದು. ಶಾಮಲಮ್ಮನಿಗೆ ಲಕ್ಕೂರಿನ ಪಕ್ಕದ ತವರಿನಲ್ಲಿ ಅಂಥ ಅರ್ಧ ಎಕರೆ ಇತ್ತು. ಪಹಣಿ ಅವಳ ಹೆಸರಲ್ಲಿ, ಬೆಳೆ ಶಿವಕುಮಾರನದು. ಅದು ಮಗನದೇ ಎಂದು ಮನೆಯವರೆಲ್ಲ ತಿಳಿದುಬಿಟ್ಟಿದ್ದರು. ಗಂಗಾಲಕ್ಷ್ಮಿಯೂ ಹಾಗೇ ತಿಳಿದಿದ್ದಳು.

"ಶಿವ ಸುಮ್ನಿರ್ತಾನಾ?"

"ಕೂಗಾಡ್ತಾನೆ. ಕೂಗಾಡ್ಲಿ. ನಮ್ಮಪ್ಪ ಕೊಟ್ಟಿದ್ದು ನಂಗೆ." ಮುದುಕಿ ಮಗಳ ಸೆರಗನ್ನೇ ತೆಗೆದುಕೊಂಡು ಅವಳ ಮುಖ ಒರೆಸಿದಳು. "ನಿನ್ನ ಸಂಸಾರ ಸೋರಿದಾಗೆಲ್ಲಾ ನಾನು ಬಂದು ಬಂದು ಸಿಮೆಂಟು ಬಳ್ದೆ. ಇವತ್ತು ಆ ಬಾಗಿಲಲ್ಲಿ ನಿಂತಿದ್ದೆಯಲ್ಲಾ, ನೋಡ್ದೆ ಕಣೇ. ಇಷ್ಟು ಗಟ್ಟಿ ಅಂತ ಗೊತ್ತಿದ್ದಿದ್ರೆ ಯಾವತ್ತೋ ಬಿಡ್ಸ್ಕೊಂಡು ಬರ್ತಿದ್ದೆ."

ಹೊಲ ಒತ್ತೆ ಬಿದ್ದರೆ ತನ್ನ ಮನೆಯ ಜೊತೆ ತಾಯಿಯ ಭೂಮಿಯೂ ತನ್ನ ಕೈಮೇಲೆ ನಿಲ್ಲುತ್ತದೆ ಎಂಬುದು ಗಂಗಾಲಕ್ಷ್ಮಿಗೆ ಚೆನ್ನಾಗಿ ತಿಳಿಯಿತು. ಬೇಡ ಎನ್ನೋಣವೆಂದು ಬಾಯಿ ತೆರೆದಳು. ತಾಯಿಯ ಮುಖ ನೋಡಿ, ಆಗಲಿ ಎಂದಳು.

ಮಾರನೆಯ ದಿನ ಮುರಳಿಮೋಹನ್ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಶಾಮಲಮ್ಮ ಗಾಜಿನ ಲೋಟ ಪಕ್ಕದ ಮನೆಗೆ ವಾಪಸ್ ಕೊಟ್ಟುಬಂದಳು. ಕೊಟ್ಟು ಬಂದ ಬೆಳಿಗ್ಗೆಯೇ ಗೇಟಿನ ಸದ್ದಾಯಿತು. ಮ್ಯಾನೇಜರ್ ಒದ್ದೆ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ನಿಂತಿದ್ದ.

"ಎರಡು ದಿನ ಪ್ರಯತ್ನ ಮಾಡ್ದೆ, ಬಸ್ ಇಳೀತಿದ್ದಂಗೆ ಸೇದ್ಬಿಡ್ತಿದ್ದೆ," ಎಂದ ಸಂಕೋಚದಿಂದ. "ಇವತ್ತು ಆಗ್ಲಿಲ್ಲ ಅಂದ್ರೆ ಆಗಲ್ಲ ಅಂತ ಜೇಬಲ್ಲಿ ಬಸ್ ಪಾಸ್ ಬಿಟ್ರೆ ದುಡ್ಡೇ ಇಟ್ಕೊಳ್ಳದೆ ಬಂದೆ."

ಸುಣ್ಣದ ಪುಡಿ ತುಳಿದು, ಕೈ ತೊಳೆದು, ಶಾಲೆಗೆ ಹೊಸದಾಗಿ ಸೇರಿದವನಂತೆ ಅವಳ ಹಿಂದೆ ಒಳಗೆ ಹೋದ. ಸೋರಿದ ಗುರುತು, ಸೀಳು ಬಿಟ್ಟ ಚಪ್ಪಡಿ, ಕೆಳಗೆ ಕೂತ ಬಕೆಟ್ಟು, ಎಲ್ಲವನ್ನೂ ನೋಡಿದ. ಮಿಕ್ಕಿದ ಒಂದು ಟ್ರೇಯಲ್ಲಿ ಹುಳು ಸೊಪ್ಪು ಮೇಯುವ ಸಣ್ಣ ಸದ್ದಿಗೆ ಕಿವಿಗೊಟ್ಟು ತುಸು ಹೊತ್ತು ನಿಂತ. "ಸಾಲ ಕೇಳೋಕೆ ಬಂದವರು ನನ್ನ ಕಾಲಿಗೆ ಬೀಳೋದು ನೋಡಿದೀನಿ, ಬಾಗಿಲಲ್ಲೇ ನಿಲ್ಸಿದವರು ನೀವೊಬ್ರೇ," ಎಂದ. "ಕಂತಿಗೂ ಹಿಂಗೇ ನಿಲ್ತೀರಿ ಬಿಡಿ." ಜಾಮೀನಿಗೆ ಶಾಮಲಮ್ಮ ಒಳಗಿನಿಂದ ಪಹಣಿ ತಂದು ಮುಂದಿಟ್ಟಳು. ನಡುವಿನ ಒಂದು ದಿನ ಲಕ್ಕೂರಿಗೆ ಹೋಗಿ, ಮಗನ ಎದುರಿಗೇ ಟ್ರಂಕು ತೆಗೆದು ತಂದಿದ್ದಳು. ಅಲ್ಲಿ ಏನೇನು ಮಾತಾಯಿತೆಂದು ಅವಳು ಇಂದಿಗೂ ಹೇಳಿಲ್ಲ.

ಸಾಲ ಮಂಜೂರಾಗಿ ಬಂದಾಗ ಮಾವು ಹೂ ಬಿಟ್ಟಿತ್ತು. ಗಂಗಾಲಕ್ಷ್ಮಿ ಒಂದು ಬೆಳೆ ನಿಲ್ಲಿಸಿ, ಟ್ರೇಗಳನ್ನು ಹಿತ್ತಲಿಗೆ ಹಾಕಿ, ಮನೆ ಖಾಲಿ ಮಾಡಿದಳು. ಕದಿರೇಶನ ಕಡೆಯವರು ಮೇಲೆ ಹತ್ತಿ ಸಿಮೆಂಟು ಒಡೆಯತೊಡಗಿದರು. ಒಡೆದಷ್ಟೂ ಕೆಳಗೆ ಇನ್ನೊಂದು ಪದರ. ಕೊನೆಗೆ ಚಪ್ಪಡಿ ಒಂದೊಂದಾಗಿ ಹಗ್ಗದಲ್ಲಿ ಇಳಿದವು. ಬಯಲಾದ ಗೋಡೆಗಳ ನಡುವೆ ನಿಂತು ಅವಳು ಆಕಾಶ ನೋಡಿದಳು. ಭಯವಾಯಿತು. ಹಿಂದೆಯೇ, ಎದೆಯ ಮೇಲಿಂದ ಯಾರೋ ಭಾರ ಇಳಿಸಿದ ಹಾಗೆಯೂ ಆಯಿತು.

ಮೋಲ್ಡ್ ಹಾಕುವ ದಿನ ಮೊದಲ ಬಾಂಡ್ಲಿ ಮನೆಯ ದಂಪತಿ ಹಾಕುವುದು ರೂಢಿ. ಪೂಜೆ ಮುಗಿದ ಮೇಲೆ ಕದಿರೇಶ ತಲೆ ಕೆರೆಯುತ್ತಾ ನಿಂತ. ಯಾರ ಕೈಯಲ್ಲಿ ಹಾಕಿಸುವುದು? ಶಾಮಲಮ್ಮನೇ ಹೇಳಿದಳು, "ಸಾಲ ಯಾರ ಹೆಸರಲ್ಲೈತೋ ಅವ್ಳೇ ಹಾಕ್ಲಿ." ಗಂಗಾಲಕ್ಷ್ಮಿ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು.

ಮಾರನೆಯ ದಿನದಿಂದ ನೀರುಣಿಸುವ ಕೆಲಸ. ಹೊಸ ಚಾವಣಿಯ ಮೇಲೆ ಮಣ್ಣಿನಲ್ಲಿ ಪಾತಿ ಕಟ್ಟಿ ನೀರು ನಿಲ್ಲಿಸಬೇಕು, ಒಣಗಲು ಬಿಡಬಾರದು. ಕೊಳಾಯಿಯಲ್ಲಿ ಮೇಲಕ್ಕೆ ಏರುವಷ್ಟು ರಭಸವಿರಲಿಲ್ಲ. ಅವಳು ಅಂಗಳದಲ್ಲಿ ಬಿದ್ದಿದ್ದ ಆ ಹಳೇ ಸ್ಟೀಲ್ ಬಕೆಟ್ಟು ತೆಗೆದುಕೊಂಡು ಹೊತ್ತಳು. ಬೆಳಿಗ್ಗೆ ಹೊತ್ತಳು, ಸಂಜೆ ಹೊತ್ತಳು. ಇಷ್ಟು ವರ್ಷ ಚಾವಣಿಯಿಂದ ಇಳಿದ ನೀರನ್ನು ಹಿಡಿದ ಬಕೆಟ್ಟಿನಲ್ಲೇ ಈಗ ಚಾವಣಿಗೆ ನೀರು ಏರುತ್ತಿತ್ತು. ಕೊರೆದ ಎರಡು ಹೆಸರೂ ಹಾಗೇ ಇದ್ದವು. ಅಳಿಸಬೇಕೆಂದು ಅವಳಿಗೆ ಅನ್ನಿಸಲಿಲ್ಲ, ಹೊರಲು ಅದರಿಂದ ಏನೂ ಭಾರವಾಗಲಿಲ್ಲ.

ಕೆಳಗಿನ ಹಲಗೆ ಬಿಚ್ಚಿದ ದಿನ ಕದಿರೇಶ, ಇನ್ನು ನೀರು ಸಾಕು ಎಂದ. ಅವಳು ಕೇಳಲಿಲ್ಲ. ಪಾತಿ ತುಂಬ ನೀರು ತುಂಬಿಸಿ, ಇಳಿದು ಬಂದು, ಖಾಲಿ ಚಾಕಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಳು. ಶಾಮಲಮ್ಮ ಬಂದು ಅಭ್ಯಾಸ ಬಲದಿಂದ ಮೂಲೆಯಲ್ಲಿ ಬಕೆಟ್ಟು ಇಡಲು ಹೋದಳು.

"ಅದನ್ನ ಹೊರಗಿಡಮ್ಮ," ಎಂದಳು ಗಂಗಾಲಕ್ಷ್ಮಿ. "ನಾಳೆ ಮೊಟ್ಟೆ ತರ್ಬೇಕು, ಟ್ರೇ ತೊಳೆಯೋಕೆ ಬೇಕಾಗುತ್ತೆ."

ಇಬ್ಬರೂ ತಲೆಯೆತ್ತಿ ನೋಡುತ್ತಾ ಕೂತರು. ಮೇಲೆ ನೀರು ನಿಂತಿತ್ತು. ಕೆಳಗೆ ಒಂದು ತೊಟ್ಟೂ ಬೀಳಲಿಲ್ಲ.